ಬೋರ್ ಸಕ್ಸಸ್ ಆತು, ಲೇಖಕರು ಯಶಸ್ವಿಯಾಗಿದ್ದಾರೆ

ನಮ್ಮ ರಾಂಪುರದ ಕಡೆ ಬೋರ್ ಕೊರೆಸಿದವರನ್ನು ಮರುದಿನ ಬೆಳಿಗ್ಗೆ ಯಾರೂ ‘ನೀರು ಪಡೆಯಲು ನಿಮಗೆ ಸಾಧ್ಯವಾಯಿತೇ?’ ಎಂದು ಕೇಳುವುದಿಲ್ಲ. ‘ಬೋರ್ ಸಕ್ಸಸ್ ಆತಾ?’ ಎನ್ನುತ್ತಾರೆ. ‘ಎರಡಿಂಚು ಬಿತ್ತು’ ಎಂದರೆ ಚಹಾ ಬರುತ್ತದೆ, ಮಾತು ಬೆಳೆಯುತ್ತದೆ. ‘ಫೇಲಾತಪ್ಪ’ ಎಂದರೆ ಕೇಳಿದವನು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಮಳೆಯ ಮಾತಿಗೆ ಹೊರಳುತ್ತಾನೆ. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ರಸ್ತೆಯ ಎರಡೂ ಬದಿಯ ಶೇಂಗಾ ಹೊಲಗಳಲ್ಲಿ ಈ ಎರಡು ಇಂಗ್ಲಿಷ್ ಪದಗಳಿಗೆ ಇರುವ ತೂಕ ಯಾವ ಕಾಲೇಜಿನ ಇಂಗ್ಲಿಷ್ ತರಗತಿಯಲ್ಲೂ ಇರಲಾರದು.

ಇನ್ನೊಂದು ಕಡೆ, ನಮ್ಮ ಪತ್ರಿಕೆಗಳ ಪುಸ್ತಕ ಪರಿಚಯದ ಅಂಕಣ ತೆರೆಯಿರಿ. ‘ಗ್ರಾಮೀಣ ಬದುಕಿನ ತಲ್ಲಣಗಳನ್ನು ಹಿಡಿದಿಡುವಲ್ಲಿ ಲೇಖಕರು ಯಶಸ್ವಿಯಾಗಿದ್ದಾರೆ’ ಎಂಬಂಥ ವಾಕ್ಯ ಒಂದಾದರೂ ಸಿಕ್ಕೇ ಸಿಗುತ್ತದೆ. ಇದರಲ್ಲಿ ಒಂದೇ ಒಂದು ಇಂಗ್ಲಿಷ್ ಪದವಿಲ್ಲ. ಭಾಷಾಶುದ್ಧಿಯ ಕಾವಲುಗಾರರು ಇದನ್ನು ತಡೆದು ನಿಲ್ಲಿಸುವುದೂ ಇಲ್ಲ. ಅವರು ನಿಲ್ಲಿಸುವುದು ‘ಸಕ್ಸಸ್ ಆತು’ ಎಂಬ ರೈತನನ್ನು.

ನನಗೆ ತೋರುವುದು ಇದರ ತಿರುವುಮುರುವು. ರೈತನ ಮಾತಿನಲ್ಲಿ ಪದ ಇಂಗ್ಲಿಷಿನದು, ವಾಕ್ಯ ಕನ್ನಡದ್ದು. ವಿಮರ್ಶಕನ ಮಾತಿನಲ್ಲಿ ಪದಗಳೆಲ್ಲ ನಮ್ಮವೇ, ವಾಕ್ಯದ ಎಲುಬು ಮಾತ್ರ ಇಂಗ್ಲಿಷಿನದು. ಒಂದು ಕೆಲಸಕ್ಕೆ ಕೈಹಾಕಿ ಅದು ಕೈಗೂಡಿದ ಮೇಲೆ ಅದನ್ನು ಹೇಳುವುದಕ್ಕೆ ಇಂಗ್ಲಿಷಿನಲ್ಲಿ ಕೆಲವು ಸಿದ್ಧ ನುಡಿಗಟ್ಟುಗಳಿವೆ. ಅವು ಕನ್ನಡಕ್ಕೆ ಎರಡು ದಾರಿಯಲ್ಲಿ ಬಂದಿವೆ. ಒಂದು ಸಂತೆ, ಬಸ್ ಸ್ಟ್ಯಾಂಡು, ಬೋರ್ ಲಾರಿಯ ದಾರಿ. ಇನ್ನೊಂದು ಅನುವಾದ, ಪತ್ರಿಕೆ, ವಿಶ್ವವಿದ್ಯಾಲಯದ ದಾರಿ. ಮೊದಲನೆಯದನ್ನು ಕನ್ನಡ ಜೀರ್ಣಿಸಿಕೊಂಡಿದೆ. ಎರಡನೆಯದು ಗಂಟಲಲ್ಲೇ ಕೂತಿದೆ.

ಮೊದಲು ಇಂಗ್ಲಿಷಿನ ಸಂಗತಿ ನೋಡೋಣ. ‘ಕುಡ್’, ‘ವಾಸ್ ಏಬಲ್ ಟು’, ‘ಮ್ಯಾನೇಜ್ಡ್ ಟು’, ‘ಸಕ್ಸೀಡೆಡ್ ಇನ್’ — ಈ ನಾಲ್ಕಕ್ಕೂ ನಮ್ಮ ತರಗತಿಗಳಲ್ಲಿ ಸಿಗುವ ಅರ್ಥ ಸಾಮಾನ್ಯವಾಗಿ ಒಂದೇ: ಸಾಧ್ಯವಾಯಿತು. ಆದರೆ ಅವು ಒಂದೇ ಅಲ್ಲ. ಚಿಕ್ಕವನಿದ್ದಾಗ ಮರ ಹತ್ತುತ್ತಿದ್ದೆ, ಹತ್ತುವ ಶಕ್ತಿ ಇತ್ತು ಎನ್ನಲು ‘ಕುಡ್’ ಸಾಕು. ನಿನ್ನೆ ಓಡಿಹೋಗಿ ಕೊನೆಯ ಬಸ್ ಹಿಡಿದೆ ಎನ್ನಲು ‘ಕುಡ್’ ಬಳಸಿದರೆ ಇಂಗ್ಲಿಷಿನವರ ಕಿವಿಗೆ ಏನೋ ತಪ್ಪಿದಂತೆ ಕೇಳುತ್ತದೆ. ಅಲ್ಲಿ ‘ವಾಸ್ ಏಬಲ್ ಟು’ ಅಥವಾ ‘ಮ್ಯಾನೇಜ್ಡ್ ಟು’ ಬೇಕು. ತಮಾಷೆಯೆಂದರೆ ಬಸ್ ತಪ್ಪಿದ್ದಾದರೆ ‘ಕುಡ್ ನಾಟ್’ ಸರಾಗವಾಗಿ ಬರುತ್ತದೆ. ಸೋಲಿಗೆ ಸಲ್ಲುವ ಪದ ಗೆಲುವಿಗೆ ಸಲ್ಲುವುದಿಲ್ಲ. ‘ಮ್ಯಾನೇಜ್ಡ್ ಟು’ ಇನ್ನೂ ಸೂಕ್ಷ್ಮ. ಫಿನ್ಲೆಂಡ್ ಮೂಲದ ಭಾಷಾವಿಜ್ಞಾನಿ ಲೌರಿ ಕಾರ್ಟುನೆನ್ 1971ರಲ್ಲಿ ಇಂಥ ಕ್ರಿಯಾಪದಗಳ ಬಗ್ಗೆ ಬರೆದ ಲೇಖನ ಈಗಲೂ ಓದಿನಲ್ಲಿದೆ. ಆತ ತೋರಿಸಿಕೊಟ್ಟಂತೆ ಈ ಕ್ರಿಯಾಪದ ಎರಡು ಸಂಗತಿಗಳನ್ನು ಒಟ್ಟಿಗೆ ಹೊರುತ್ತದೆ. ಕೆಲಸ ಆಯಿತು ಎಂಬುದು ಒಂದು, ಅದು ಸುಲಭವಿರಲಿಲ್ಲ ಎಂಬುದು ಇನ್ನೊಂದು. ‘ಅವನು ಬಾಗಿಲು ತೆಗೆದ’ ಎಂಬುದಕ್ಕೂ ‘ಮ್ಯಾನೇಜ್ಡ್ ಟು’ ಸೇರಿಸಿ ಬಾಗಿಲು ತೆಗೆದ ಎನ್ನುವುದಕ್ಕೂ ನಡುವೆ ಒಂದು ತುಕ್ಕು ಹಿಡಿದ ಚಿಲಕವಿದೆ.

ಈಗ ಆ ಚಿಲಕವನ್ನು ಕನ್ನಡಕ್ಕೆ ತನ್ನಿ. ‘ಅವನಿಗೆ ಬಾಗಿಲು ತೆರೆಯಲು ಸಾಧ್ಯವಾಯಿತು.’ ಚಿಲಕ ಎಲ್ಲಿ ಹೋಯಿತು? ‘ಬಾಗಿಲು ತೆರೆಯುವಲ್ಲಿ ಆತ ಯಶಸ್ವಿಯಾದನು.’ ಈಗ ಚಿಲಕದ ಜೊತೆಗೆ ಮನುಷ್ಯನೂ ಹೋದ. ಉಳಿದದ್ದು ಪ್ರಶಸ್ತಿ ಪತ್ರ. ನಮ್ಮೂರಲ್ಲಿ ಇದನ್ನು ಹೀಗೆ ಹೇಳುತ್ತಾರೆ: ‘ಅಂತೂ ಬಾಗ್ಲು ತೆಗದ.’ ಅಥವಾ, ‘ಹೆಂಗೋ ಗುದ್ದಾಡ್ಕಂಡು ತೆಗದೇಬಿಟ್ಟ.’ ಎಲ್ಲ ಕಷ್ಟ ‘ಅಂತೂ’ ಎಂಬ ಒಂದು ಪುಟ್ಟ ಪದದೊಳಗಿದೆ. ಎಲ್ಲ ಗೆಲುವು ‘ಬಿಟ್ಟ’ ಎಂಬ ಬಾಲದಲ್ಲಿದೆ. ಬಿಡುವುದು ಎಂಬ ಕ್ರಿಯೆಗೂ ಬಾಗಿಲಿಗೂ ಸಂಬಂಧವಿಲ್ಲ. ಕೆಲಸ ಕೊನೆಮುಟ್ಟಿತು, ಇನ್ನು ಹಿಂದೆ ಬರುವಂತಿಲ್ಲ ಎನ್ನಲು ಕನ್ನಡ ಅದನ್ನು ಸಾಲ ತೆಗೆದುಕೊಳ್ಳುತ್ತದೆ. ಗಿಟ್ಟಿಸಿಕೊಂಡ, ದಕ್ಕಿಸಿಕೊಂಡ, ದಾಟಿಕೊಂಡ — ಇವೆಲ್ಲ ಇಂಗ್ಲಿಷಿನವರು ‘ಮ್ಯಾನೇಜ್ಡ್ ಟು’ ಎನ್ನುವ ಜಾಗದಲ್ಲಿ ನಾವು ಹೇಳುವ ಮಾತುಗಳು. ಇವುಗಳ ಹಿಂದಿನ ‘ಕೊಂಡ’ ಇನ್ನೊಂದು ಬಗೆಯದು. ಕೆಲಸದ ಫಲ ಮಾಡಿದವನ ಮಡಿಲಿಗೇ ಬಿತ್ತು ಎಂದು ಅದು ಹೇಳುತ್ತದೆ.

ಇಷ್ಟಿದ್ದೂ ‘ಸಾಧ್ಯವಾಯಿತು’ ಏಕೆ ಇಷ್ಟು ಹಬ್ಬಿತು? ಇಂಗ್ಲಿಷನ್ನು ಮಾತ್ರ ದೂರಿದರೆ ಸಾಲದು. ಕನ್ನಡದೊಳಗೇ ಒಂದು ಖಾಲಿ ಜಾಗವಿದೆ.

ಹಳಗನ್ನಡದಲ್ಲಿ ಶಕ್ತನಾಗು ಎಂಬ ಅರ್ಥಕ್ಕೆ ‘ಆರ್’ ಎಂಬ ಧಾತುವಿತ್ತು. ಅದರ ಗುಣಾತ್ಮಕ ರೂಪ ಬಳಕೆಯಿಂದ ಬಿದ್ದುಹೋಯಿತು. ನಿಷೇಧ ರೂಪ ಮಾತ್ರ ಇಂದಿಗೂ ‘ಮಾಡಲಾರೆ’, ‘ಹೇಳಲಾರೆ’ ಎಂಬಲ್ಲಿ ಜೀವ ಹಿಡಿದುಕೊಂಡಿದೆ. ಆಗುವುದಿಲ್ಲ ಎನ್ನಲು ಉಳಿದದ್ದು ಆಗುತ್ತದೆ ಎನ್ನಲು ಉಳಿಯಲಿಲ್ಲ. ಆ ಕೊರತೆಯನ್ನು ‘ಬಲ್ಲೆ’ ತುಂಬಿತು. ಮೂಲದಲ್ಲಿ ಅದು ತಿಳಿವಳಿಕೆಯ ಪದ. ಅರಿತವನೇ ಶಕ್ತ ಎಂಬುದು ಅದರೊಳಗಿನ ನಂಬಿಕೆ. ಆದರೆ ಬಲ್ಲೆ, ಲಾರೆ ಎರಡಕ್ಕೂ ಭೂತಕಾಲವಿಲ್ಲ. ‘ನಾನು ನಿನ್ನೆ ಹತ್ತಬಲ್ಲೆ’ ಎನ್ನುವ ಹಾಗಿಲ್ಲ. ನಿನ್ನೆಯ ಮಾತಿಗೆ ಬಂದ ಕೂಡಲೇ ನಾವು ‘ಆಗು’ ಎಂಬುದರ ಬಾಗಿಲಿಗೆ ಹೋಗಬೇಕು.

ಅಲ್ಲಿ ಇನ್ನೊಂದು ವಿಚಿತ್ರ ಕಾದಿದೆ. ‘ನನ್ನ ಕೈಲಿ ಬರೋಕಾಗಲಿಲ್ಲ’ ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ‘ನನ್ನ ಕೈಲಿ ಬರೋಕಾಯಿತು’ ಎಂದು ಎಷ್ಟು ಸಲ ಹೇಳುತ್ತೇವೆ? ಬಂದವನು ಸುಮ್ಮನೆ ‘ಬಂದೆ’ ಎನ್ನುತ್ತಾನೆ. ಇಂಗ್ಲಿಷಿನ ‘ಕುಡ್’ನಂತೆಯೇ ನಮ್ಮ ‘ಆಗು’ ಕೂಡ ಸೋಲಿನ ಕಡೆ ಮಾತುಗಾರ, ಗೆಲುವಿನ ಕಡೆ ಮೌನಿ. ಬರಹಕ್ಕೆ ಬಂದರಂತೂ ಗೆಲುವಿನ ರೂಪವನ್ನು ಬೇರೆಯವರು ಎತ್ತಿಕೊಂಡು ಹೋಗಿದ್ದಾರೆ. ‘ಸಭೆ ನಡೆಸಲಾಗಲಿಲ್ಲ’ ಎಂಬಲ್ಲಿ ಯಾರೋ ಒಬ್ಬರ ಅಸಹಾಯಕತೆ ಕೇಳುತ್ತದೆ. ಅದರ ಇಲ್ಲವನ್ನು ತೆಗೆದು ‘ಸಭೆ ನಡೆಸಲಾಯಿತು’ ಎನ್ನಿ. ಒಬ್ಬರು ಕಷ್ಟಪಟ್ಟು ನಡೆಸಿದರು ಎಂಬ ಅರ್ಥ ಬರುವುದೇ ಇಲ್ಲ. ಕಚೇರಿಯ ನಡಾವಳಿ ಪುಸ್ತಕ ತೆರೆದುಕೊಳ್ಳುತ್ತದೆ. ಕನ್ನಡದಲ್ಲಿ ‘ಲಾಗಲಿಲ್ಲ’ ಪ್ರಜೆಯ ಮಾತು, ‘ಲಾಯಿತು’ ಸರ್ಕಾರದ ಮಾತು. ಇದು ವ್ಯಾಕರಣದ ಅಂಶವೋ ರಾಜಕೀಯದ ಅಂಶವೋ ನಾನು ನಿರ್ಧರಿಸುವ ಗೋಜಿಗೆ ಹೋಗುವುದಿಲ್ಲ.

ನೆರೆಯವರ ಮನೆ ಬೇರೆ ಥರ. ರಾಂಪುರದಿಂದ ಆಂಧ್ರದ ಗಡಿ ದೂರವಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳ ಒಳಮಾತು ತೆಲುಗು. ತೆಲುಗಿನಲ್ಲಿ ‘ಚೇಯಗಲಿಗಾನು’ ಎಂದರೆ ಆಯಿತು: ಮಾಡಲು ಶಕ್ತನಾದೆ, ಮಾಡಿದೆ, ನಾನೇ. ಭೂತಕಾಲವೂ ಇದೆ, ನಾನೂ ಇದ್ದೇನೆ. ತಮಿಳಿನವರು ‘ಮುಡಿಂದದು’ ಎನ್ನುತ್ತಾರೆ, ಮಲಯಾಳದವರು ‘ಕಳಿಞ್ಞು’ ಎನ್ನುತ್ತಾರೆ. ಎರಡೂ ಮುಗಿಯುವುದನ್ನು ಹೇಳುವ ಕ್ರಿಯಾಪದಗಳು. ಅವರಿಗೆ ಶಕ್ತಿ ಎಂದರೆ ಮುಗಿದದ್ದು. ನಮಗೆ ಶಕ್ತಿ ಎಂದರೆ ಆದದ್ದು. ‘ಊಟ ಆಯ್ತಾ?’ ಎಂಬಲ್ಲಿನ ಆಯಿತೂ ‘ನಿನ್ನ ಕೈಲಿ ಆಗುತ್ತಾ?’ ಎಂಬಲ್ಲಿನ ಆಗುವುದೂ ಒಂದೇ. ಕನ್ನಡಕ್ಕೆ ಬೇಕಾದದ್ದು ಕನ್ನಡದ್ದೇ ವ್ಯಾಕರಣ ಎಂದು ಡಿ.ಎನ್. ಶಂಕರ ಭಟ್ಟರು ಪುಸ್ತಕದ ಮೇಲೆ ಪುಸ್ತಕ ಬರೆದು ವಾದಿಸಿದ್ದರ ಹಿಂದೆ ಇಂಥ ನೂರು ಸಣ್ಣ ಸಂಗತಿಗಳಿವೆ. ಅವರ ಹೊಸ ಬರವಣಿಗೆಯ ಲಿಪಿ ಸುಧಾರಣೆಯನ್ನು ಒಪ್ಪದವರೂ ಈ ಮಾತನ್ನು ಕಿವಿಗೆ ಹಾಕಿಕೊಳ್ಳಬೇಕು.

ಮತ್ತೆ ಬೋರ್‌ವೆಲ್ಲಿಗೆ ಬರುತ್ತೇನೆ, ಏಕೆಂದರೆ ‘ಆಗು’ ಮಾಡುವ ಅತಿ ದೊಡ್ಡ ಕೆಲಸ ಅಲ್ಲಿದೆ. ಐದುನೂರು, ಆರುನೂರು ಅಡಿ ಕೊರೆಸಿ, ಬಡ್ಡಿಗೆ ತಂದ ದುಡ್ಡೆಲ್ಲ ಬಿಳಿ ಧೂಳಾಗಿ ಹಾರಿಹೋದ ಮನುಷ್ಯನ ಬಗ್ಗೆ ಊರು ಏನೆನ್ನುತ್ತದೆ? ‘ಬೋರ್ ಫೇಲಾತು.’ ಫೇಲಾದದ್ದು ಬೋರು. ‘ಅವನು ಫೇಲಾದ’ ಎಂದು ಯಾರ ಬಾಯಲ್ಲೂ ಬರುವುದಿಲ್ಲ. ಇಂಗ್ಲಿಷ್ ಸುದ್ದಿಯಾದರೆ ರೈತ ನೀರು ಕಾಣಲು ವಿಫಲನಾದ ಎಂದೇ ವಾಕ್ಯ ಕಟ್ಟಬಹುದು. ಅನುವಾದದ ಮೇಜಿನ ಮೇಲೆ ಅದು ‘ನೀರು ಪಡೆಯುವಲ್ಲಿ ರೈತ ವಿಫಲ’ ಎಂದಾಗುತ್ತದೆ. ಮನುಷ್ಯನನ್ನು ಸೋಲಿನಿಂದ ಒಂದು ಅಂಗೈಯಷ್ಟು ದೂರ ಇಡುವ ಈ ವಾಕ್ಯರಚನೆಯನ್ನು ಕನ್ನಡಿಗರು ಯೋಚಿಸಿ ಮಾಡಿದ್ದಲ್ಲ. ಆದರೂ ಬರಗಾಲದ ಸೀಮೆಯಲ್ಲಿ ಅದು ಬರೀ ವಾಕ್ಯರಚನೆಯಾಗಿ ಉಳಿದಿಲ್ಲ.

ಅದೇ ಮನೆಯ ಹುಡುಗ ಎಸೆಸೆಲ್ಸಿಯಲ್ಲಿ ಕುಂಟಿದರೆ? ‘ಹುಡುಗ ಫೇಲಾದ.’ ಇಲ್ಲಿ ಬೋರಿಗಿದ್ದ ರಕ್ಷಣೆ ಹುಡುಗನಿಗಿಲ್ಲ. ಪರೀಕ್ಷೆ ಫೇಲಾಯಿತು ಎನ್ನುವ ಹಾಗಿಲ್ಲ, ಶಾಲೆ ಫೇಲಾಯಿತು ಎಂದು ಯಾರಿಗೂ ಹೊಳೆಯುವುದಿಲ್ಲ. ಹುಡುಗರೇ ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ: ‘ಎರಡು ಸಬ್ಜೆಕ್ಟ್ ಹೋದ್ವು.’ ಗಣಿತ, ಇಂಗ್ಲಿಷು ತಾವಾಗಿಯೇ ಎಲ್ಲಿಗೋ ಎದ್ದುಹೋದಂತೆ. ನಗು ಬರುತ್ತದೆ, ಆದರೆ ಅದು ಅಪ್ಪನ ‘ಬೋರ್ ಫೇಲಾತು’ ಎಂಬ ವಾಕ್ಯದ ತಮ್ಮನೇ. ಇಂಗ್ಲಿಷ್ ಪದ ಯಾವ ಜಾಗಕ್ಕೆ ಬಂದರೂ ಕನ್ನಡ ಅದಕ್ಕೆ ತನ್ನ ಆಗು, ಹೋಗು, ಬರುಗಳ ಗೂಟ ಹುಡುಕಿ ಕಟ್ಟುತ್ತದೆ. ಸೆಲೆಕ್ಟ್ ಆದ, ಪಾಸಾದ, ಕ್ಲಿಯರ್ ಆತು. ‘ಮ್ಯಾನೇಜ್’ ಎಂಬುದನ್ನಂತೂ ಸೀಳಿ ಬೇರೆಯೇ ಮಾಡಿಕೊಂಡಿದ್ದೇವೆ. ‘ಈ ತಿಂಗಳು ಹೆಂಗೋ ಮ್ಯಾನೇಜ್ ಆತು’ ಎಂದರೆ ಇಂಗ್ಲಿಷಿನವರ ಗೆಲುವಲ್ಲ ಅದು. ಸಾಲದ್ದು ಸಾಲದ್ದಾಗಿಯೇ ಉಳಿಯಿತು, ಆದರೆ ತಿಂಗಳು ದಾಟಿತು.

ಇದಕ್ಕೆ ಕನ್ನಡದ್ದೇ ಒಂದು ಹಳೆಯ ಪದವಿದೆ: ಏಗು. ‘ಏಗಿ ಏಗಿ ಸಾಕಾತು’ ಎಂದು ನಮ್ಮಜ್ಜಿ ಹೇಳುವಾಗ ಸೋತೆ ಎಂದೂ ಅರ್ಥವಲ್ಲ, ಗೆದ್ದೆ ಎಂದೂ ಅಲ್ಲ. ನಮ್ಮ ಪಕ್ಕದ ಚಳ್ಳಕೆರೆ ತಾಲ್ಲೂಕಿನ ಬೆಳಗೆರೆಯ ಕೃಷ್ಣಶಾಸ್ತ್ರಿಗಳು ಮುಕುಂದೂರು ಸ್ವಾಮಿಗಳ ಒಡನಾಟವನ್ನು ಕುರಿತು ಬರೆದ ಪುಸ್ತಕದ ಹೆಸರು ‘ಯೇಗ್ದಾಗೆಲ್ಲಾ ಐತೆ’. ಯೇಗ ಎಂದರೆ ಯೋಗ, ಯೋಗದಲ್ಲಿ ಎಲ್ಲಾ ಇದೆ ಎಂದು ಓದುವುದು ಒಂದು ದಾರಿ. ನನ್ನ ಕಿವಿಗೆ ಅದರಲ್ಲಿ ‘ಏಗಿದಾಗ’ ಎಂಬುದೂ ಕೇಳುತ್ತದೆ. ನಮ್ಮ ಕಡೆಯ ಬಾಯಲ್ಲಿ ಅದು ‘ಏಗ್ದಾಗ’ ಎಂದೇ ಆಗುವುದು. ಎರಡನೆಯ ಓದು ಸರಿಯೆಂದು ಪಟ್ಟು ಹಿಡಿಯಲಾರೆ. ಆದರೆ ಆ ಪುಸ್ತಕದಲ್ಲಿ ಸಾಧನೆ ಎಂಬುದು ಬದುಕಿನ ದಿನದಿನದ ಕೆಲಸದಿಂದ ಬೇರೆಯಾಗಿ ಎಲ್ಲೂ ನಿಲ್ಲುವುದಿಲ್ಲವಾದ್ದರಿಂದ ಎರಡು ಅರ್ಥಗಳೂ ಒಂದೇ ಹೆಸರಲ್ಲಿ ಜಗಳವಿಲ್ಲದೆ ಇರುತ್ತವೆ. ಅದನ್ನೇ ‘ಯೋಗದಿಂದ ಎಲ್ಲವೂ ಸಾಧ್ಯ’ ಎಂದು ಬದಲಿಸಿ ನೋಡಿ. ಶಿಬಿರದ ಭಿತ್ತಿಪತ್ರವಾಗುತ್ತದೆ.

ಈಗ ಆ ಪುಸ್ತಕ ಪರಿಚಯದ ವಾಕ್ಯಕ್ಕೆ. ‘ಹಿಡಿದಿಡುವಲ್ಲಿ ಯಶಸ್ವಿಯಾಗಿದ್ದಾರೆ’ ಎಂಬುದು ನಮ್ಮ ವಿಮರ್ಶೆಯೊಳಗೆ ಯಾವಾಗ ಹೊಕ್ಕಿತೋ, ಈಗ ಮುನ್ನುಡಿ, ಬೆನ್ನುಡಿ, ಅಂಕಣ, ಅಭಿನಂದನಾ ಗ್ರಂಥ ಎಲ್ಲ ಕಡೆಗೂ ಹಬ್ಬಿದೆ. ಪೊಲೀಸರು ಆರೋಪಿಯನ್ನು ಬಂಧಿಸುವಲ್ಲಿ ಯಶಸ್ವಿಯಾಗುತ್ತಾರೆ, ಅಗ್ನಿಶಾಮಕದವರು ಬೆಂಕಿ ನಂದಿಸುವಲ್ಲಿ ಯಶಸ್ವಿಯಾಗುತ್ತಾರೆ, ಕವಿಗಳು ಒಳತೋಟಿಯನ್ನು ಅಭಿವ್ಯಕ್ತಿಸುವಲ್ಲಿ ಯಶಸ್ವಿಯಾಗುತ್ತಾರೆ. ಬೆಂಕಿಯ ವಿಷಯದಲ್ಲಿ ಈ ವಾಕ್ಯಕ್ಕೆ ಕೊನೆಪಕ್ಷ ಒಂದು ಪರೀಕ್ಷೆ ಇದೆ: ಬೆಂಕಿ ಆರಿದೆಯೋ ಇಲ್ಲವೋ ನೋಡಬಹುದು. ಕವಿತೆಯ ವಿಷಯದಲ್ಲಿ? ಕವಿಗೆ ಮೊದಲೇ ಒಂದು ಗುರಿಯಿತ್ತು, ಆ ಗುರಿ ವಿಮರ್ಶಕನಿಗೆ ಗೊತ್ತಿತ್ತು, ಕವಿತೆ ಆ ಗುರಿಯನ್ನು ಮುಟ್ಟಿತು ಎಂಬ ಮೂರು ಸಂಗತಿಗಳನ್ನು ವಾಕ್ಯ ಸದ್ದಿಲ್ಲದೆ ಒಳಗೆ ನುಗ್ಗಿಸುತ್ತದೆ. ಮೂರಕ್ಕೂ ಸಾಕ್ಷಿ ಕೊಡುವುದಿಲ್ಲ. ಕವಿತೆ ಎಲ್ಲಿ ತೊಡಕಿತು, ಯಾವ ಸಾಲು ಕವಿಯ ಕೈ ಮೀರಿ ಹೋಯಿತು, ಎಲ್ಲಿ ಅಂದುಕೊಂಡದ್ದೇ ಬೇರೆ ಆದದ್ದೇ ಬೇರೆ — ಓದುಗನಿಗೆ ಬೇಕಾದದ್ದು ಅದು. ‘ಕವಿತೆ ಆಗಿದೆ’ ಎಂದು ಹಳೆಯ ಮೇಷ್ಟ್ರುಗಳು ಹೇಳುತ್ತಿದ್ದರಲ್ಲ, ಆ ಎರಡು ಪದಗಳಲ್ಲಿ ಹೆಚ್ಚು ಧೈರ್ಯವಿದೆ. ಅದನ್ನು ಹೇಳಿದವನು ‘ಇದು ಆಗಿಲ್ಲ’ ಎನ್ನಲೂ ಸಿದ್ಧನಿರುತ್ತಾನೆ. ‘ಯಶಸ್ವಿಯಾಗಿದ್ದಾರೆ’ ಎನ್ನುವವನು ‘ಯಶಸ್ವಿಯಾಗಿಲ್ಲ’ ಎಂದು ಬರೆದದ್ದು ಬಹಳ ಅಪರೂಪ.

ನಮ್ಮ ಪಿಎಚ್.ಡಿ. ಪ್ರಬಂಧಗಳ ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಇನ್ನೂ ಅದರೊಳಗೇ ಇದ್ದೇನೆ. ಅಲ್ಲಿ ಮುನ್ನುಡಿಯಲ್ಲಿ ‘ಪ್ರಯತ್ನಿಸಲಾಗಿದೆ’, ಸಮಾರೋಪದಲ್ಲಿ ‘ಕಂಡುಕೊಳ್ಳಲು ಸಾಧ್ಯವಾಗಿದೆ’. ಯಾರು ಪ್ರಯತ್ನಿಸಿದರು, ಯಾರು ಕಂಡುಕೊಂಡರು ಎಂಬುದು ಹೊರಗಿನ ಪರೀಕ್ಷಕರಿಗೂ ಬಿಡಿಸಲಾಗದ ಒಗಟು.

ಇಷ್ಟು ಹೇಳಿದ ಮೇಲೆ, ‘ಆಯಿತು’ ಎಂಬುದನ್ನು ಪೂಜೆಗೆ ಇಡುವ ಅಪಾಯವೂ ಇದೆ. ಕನ್ನಡ ನಮ್ರ, ಇಂಗ್ಲಿಷ್ ಅಹಂಕಾರಿ. ಅವರದು ‘ನಾನು’, ನಮ್ಮದು ‘ಆಗು’ — ಹೀಗೆ ಚಪ್ಪಾಳೆ ಗಿಟ್ಟಿಸುವ ಭಾಷಣ ಮಾಡಬಹುದು. ನಾನು ಅದನ್ನು ಒಪ್ಪುವುದಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಇಂದು ಜಿ.ಐ. ಮಾನ್ಯತೆ ಇದೆ, ಹೆಸರಿದೆ. ಮಗ್ಗದ ಮನೆಯಲ್ಲಿ ‘ಸೀರೆ ಆತು’ ಎನ್ನುತ್ತಾರೆ. ಕಂಡಿಕೆ ಸುತ್ತಿದ ಹೆಂಗಸಿನ ಕೈ, ಅಂಚಿಗೆ ಜೊತೆಗೂಡಿದ ಮಕ್ಕಳ ಕೈ, ಕುಣಿಯಲ್ಲಿ ಕಾಲಿಳಿಬಿಟ್ಟು ಕೂತವನ ಬೆನ್ನು — ಇವೆಲ್ಲ ಆ ‘ಆತು’ವಿನೊಳಗೆ ಕಾಣದಂತೆ ಸೇರಿಕೊಂಡಿವೆ. ಸೋತವನನ್ನು ಕಾಪಾಡುವ ವ್ಯಾಕರಣವೇ ದುಡಿದವರನ್ನು ಮರೆಸುತ್ತದೆ. ಅಡುಗೆ ಆಯಿತು, ಕಸ ಆಯಿತು, ಮಕ್ಕಳದ್ದು ಆಯಿತು. ಯಾರಿಂದ?

ಹೀಗಿರುವಾಗ ನಮ್ಮ ಕಡೆಯ ಪದವಿ ಕಾಲೇಜಿನ ಹುಡುಗಿಯೊಬ್ಬಳು ಸಂದರ್ಶನದ ತರಬೇತಿಯಲ್ಲಿ ‘ಐ ವಾಸ್ ಏಬಲ್ ಟು’ ಎಂದು ಬಾಯಿಪಾಠ ಮಾಡುವುದನ್ನು ಕಂಡು ನಗುವವರ ಜೊತೆ ನಾನಿಲ್ಲ. ಮನೆಯಲ್ಲಿ ಮೊದಲು ಓದಿದವಳು ಅವಳು. ‘ಡಿಗ್ರಿ ಆತು’ ಎಂದರೆ ಮೂರು ವರ್ಷ ಬೆಳಗಿನ ಬಸ್ಸಿನಲ್ಲಿ ನಿಂತು ಬಂದದ್ದು ಎಲ್ಲೂ ಕಾಣುವುದಿಲ್ಲ. ಇಂಗ್ಲಿಷಿನ ಆ ನಾಲ್ಕು ಪದ ಅವಳಿಗೆ ಒಂದು ಕರ್ತೃಪದವನ್ನು ಕೊಡುತ್ತದೆ. ಅದಕ್ಕೆ ಇರುವ ತೊಂದರೆ ಬೇರೆ. 1999ರ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ರಾಜೇಶ್ ಭಟ್ ಎಂಬ ಭಾಷಾವಿಜ್ಞಾನಿ ತೋರಿಸಿದಂತೆ ‘ವಾಸ್ ಏಬಲ್ ಟು’ ಇಬ್ಬಾಯಿಯದು: ಶಕ್ತಿ ಇತ್ತು ಎಂದೂ ಆಗಬಹುದು, ಮಾಡಿಯೇ ಬಿಟ್ಟೆ ಎಂದೂ ಆಗಬಹುದು. ಹಿಂದಿಯ ‘ಸಕಾ’ದಲ್ಲಿ ಆ ಗೊಂದಲವಿಲ್ಲ, ಮಾಡಿದ್ದು ಖಚಿತ. ತರಬೇತಿ ಕೊಡುವವರು ಇದನ್ನು ಹೇಳಿಕೊಡುವುದಿಲ್ಲ. ‘ಕುಡ್’ ಎನ್ನಬೇಡಿ, ‘ಏಬಲ್’ ಎನ್ನಿ, ನಗುತ್ತಾ ಹೇಳಿ ಎನ್ನುತ್ತಾರೆ. ಎದುರಿಗೆ ಕೂತವರಿಗೆ ಅವಳು ಬಲ್ಲವಳೋ ಮಾಡಿದವಳೋ ಎಂಬುದು ಹಾಗೇ ತೇಲುತ್ತದೆ. ‘ಐ ಡಿಡ್ ಇಟ್’ ಎಂಬ ನೇರ ಮಾತನ್ನು ಹೇಳಿಕೊಟ್ಟಿದ್ದರೆ ಸಾಕಿತ್ತು. ಅದು ಕನ್ನಡದ ‘ಮಾಡಿದೆ’ಗೂ ಹತ್ತಿರ.

ಬೇರೆಯವರ ಗೆಲುವಿನ ಮೇಲೆ ಇಂಗ್ಲಿಷ್ ಪದವನ್ನು ಅಂಟಿಸಿ ಅದನ್ನು ಕಿತ್ತುಕೊಳ್ಳುವುದೂ ಉಂಟು. ಅರವಿಂದ ಮಾಲಗತ್ತಿಯವರ ಆತ್ಮಕಥನದ ಹೆಸರು ‘ಗೌರ್ಮೆಂಟ್ ಬ್ರಾಹ್ಮಣ’. ಓದಿ ನೌಕರಿಗೆ ಬಂದ ದಲಿತರನ್ನು ಚುಚ್ಚಲು ಬಳಸಿದ ಮಾತದು. ನೀನು ಮಾಡಲಿಲ್ಲ, ಗೌರ್ಮೆಂಟು ಮಾಡಿತು ಎಂಬುದು ಅದರ ಒಳಗಿನ ವಾಕ್ಯ. ಕರ್ತೃವಿನ ಜಾಗದಿಂದ ಒಬ್ಬ ಮನುಷ್ಯನನ್ನು ಎಬ್ಬಿಸಿ ಅಲ್ಲೊಂದು ಇಂಗ್ಲಿಷ್ ಪದವನ್ನು ಕೂರಿಸುವ ಕೆಲಸ. ಮಾಲಗತ್ತಿಯವರು ಆ ಚುಚ್ಚುಮಾತನ್ನೇ ಹೊದಿಕೆಯ ಮೇಲೆ ಹಾಕಿ ಒಳಗೆ ‘ನಾನು’ ಎಂದು ಬರೆದರು. ‘ಎಲ್ಲ ಆಯಿತು’ ಎಂಬ ನಮ್ರತೆ ಇಂಥ ಪುಸ್ತಕಕ್ಕೆ ಹೊಂದುವುದಿಲ್ಲ. ಆತ್ಮಕಥೆಯ ‘ನಾನು’ ಇಂಗ್ಲಿಷಿನ ಗಾಳಿ ಎನ್ನುವವರು ಈ ಪುಸ್ತಕದ ಮುಂದೆ ನಿಂತು ಆ ಮಾತು ಹೇಳಬೇಕು.

ಚಿಕ್ಕದೊಂದು ಗಮನಿಕೆ. ಕುವೆಂಪು ಅವರಿಗೆ 1967ರ ಜ್ಞಾನಪೀಠ ‘ಬಂತು’ ಎನ್ನುತ್ತೇವೆ. 2025ರಲ್ಲಿ ಬಾನು ಮುಷ್ತಾಕ್ ಮತ್ತು ಅವರ ಅನುವಾದಕಿ ದೀಪಾ ಭಾಸ್ತಿ ಅಂತರರಾಷ್ಟ್ರೀಯ ಬೂಕರ್ ‘ಗೆದ್ದರು’ ಎಂದೆವು. ಜ್ಞಾನಪೀಠ ಮಳೆಯ ಹಾಗೆ ಬರುವಂಥದು, ಬೂಕರ್ ಪಟ್ಟಿಗಳಿರುವ ಪಂದ್ಯ. ವ್ಯತ್ಯಾಸಕ್ಕೆ ಅದೇ ಕಾರಣವಿರಬಹುದು. ಆದರೂ ಕನ್ನಡದ ಒಬ್ಬ ಲೇಖಕಿಯ ಬಗ್ಗೆ ‘ಗೆದ್ದರು’ ಎಂಬ ಕ್ರಿಯಾಪದ ಊರೂರಿನಲ್ಲಿ ಇಷ್ಟು ಸಹಜವಾಗಿ ಓಡಾಡಿದ್ದು ನನಗೆ ಖುಷಿ ಕೊಟ್ಟಿತು. ‘ಪ್ರಶಸ್ತಿ ಪಡೆಯುವಲ್ಲಿ ಯಶಸ್ವಿ’ ಎಂದು ಬರೆದವರೂ ಇದ್ದಿರಬೇಕು; ಅವರನ್ನು ಬಿಡೋಣ.

ಸಾಮರ್ಥ್ಯದ ಮಾತನ್ನು ಹೊರಗಿನ ಭಾಷೆಯಲ್ಲಿ ಆಡುವುದು ನಮ್ಮ ತಾಲ್ಲೂಕಿಗೆ ಇಂಗ್ಲಿಷಿನಿಂದ ಶುರುವಾದದ್ದೇನೂ ಅಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ — ಈ ಮೂರು ಕಡೆ ಅಶೋಕನ ಕಿರುಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಈ ಸೀಮೆಯ ಜನಕ್ಕೆ ಅದು ಆಗ ಎಷ್ಟು ತಿಳಿಯುತ್ತಿತ್ತೋ. ಒಳಗಿನ ವಿಷಯ ಮಾತ್ರ ನಮ್ಮ ಇಂದಿನ ಚರ್ಚೆಯದೇ. ಚಕ್ರವರ್ತಿ ಮೊದಲು ತಾನು ಅಷ್ಟಾಗಿ ಶ್ರಮಿಸಲಿಲ್ಲ, ಆಮೇಲೆ ಶ್ರಮಿಸಿದೆ ಎನ್ನುತ್ತಾನೆ. ಆದದ್ದು ಶ್ರಮದ ಫಲ ಎನ್ನುತ್ತಾನೆ. ಇದು ದೊಡ್ಡವರಿಗಷ್ಟೇ ಶಕ್ಯವಾದದ್ದಲ್ಲ, ಸಣ್ಣವನೂ ಶ್ರಮಿಸಿದರೆ ಸ್ವರ್ಗವನ್ನು ಪಡೆಯುವುದು ಶಕ್ಯ ಎಂದು ಸಾರುತ್ತಾನೆ. ಅಲ್ಲಿರುವುದು ‘ಶಕ್ಯ’ದ ಪ್ರಾಕೃತ ರೂಪವೇ. ಹಿಂದಿಯ ‘ಸಕ್’ ಅದೇ ಮೂಲದ್ದು, ಧಾರವಾಡದ ಕಡೆ ಈಗಲೂ ಹೇಳುವ ‘ಶಕ್ಯ ಇಲ್ರಿ’ಯೂ ಅದೇ ಮನೆತನದ್ದು.

‘ಸಾಧ್ಯವಾಯಿತು’ ಎಂದು ಬರೆಯುವವರು ಗಮನಿಸಬೇಕಾದ ಒಂದು ಸಂಗತಿ ಅಲ್ಲಿದೆ. ಚಕ್ರವರ್ತಿ ಬರಿಯ ಶಕ್ಯವನ್ನು ಎಲ್ಲೂ ಒಂಟಿಯಾಗಿ ಬಿಡುವುದಿಲ್ಲ. ಪಕ್ಕದಲ್ಲೇ ಶ್ರಮವನ್ನು ಹೇಳುತ್ತಾನೆ, ಯಾರ ಶ್ರಮ ಎಂಬುದನ್ನೂ ಹೇಳುತ್ತಾನೆ. ಇನ್ನು, ಕಲ್ಲಿನ ಮೇಲೆ ಅದನ್ನು ನಿಜವಾಗಿ ಬರೆದವನು ಚಪಡ. ಬರೆದು ಮುಗಿಸಿದ ಮೇಲೆ ತನ್ನ ಹೆಸರನ್ನು ಕರಣ ವಿಭಕ್ತಿಯಲ್ಲಿ ಹಾಕಿದ್ದಾನೆ: ಚಪಡನಿಂದ ಬರೆಯಲ್ಪಟ್ಟಿತು. ನಮ್ಮ ‘ಕೈಲಿ ಆಯಿತು’ ಎಂಬುದಕ್ಕೆ ಬಹಳ ದೂರವಿಲ್ಲದ ರೂಪ. ಹೆಸರಿನ ಜೊತೆಗೆ ಲಿಪಿಕಾರ ಎಂಬ ತನ್ನ ಕಸುಬಿನ ಪದವನ್ನೂ ಸೇರಿಸಿದ್ದಾನೆ. ಆದರೆ ಅದೊಂದನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯಲಿಲ್ಲ. ಬಲದಿಂದ ಎಡಕ್ಕೆ ಸಾಗುವ, ವಾಯವ್ಯದ ಗಾಂಧಾರದ ಕಡೆ ಬಳಕೆಯಲ್ಲಿದ್ದ ಖರೋಷ್ಠಿ ಲಿಪಿಯಲ್ಲಿ ಬರೆದ. ನಮ್ಮ ಹೊಲಗಳ ಅಂಚಿನ ಆ ಬಂಡೆಯ ಮುಂದೆ ನಿಂತು ಅದನ್ನು ಓದಬಲ್ಲವರು ಆಗ ಯಾರಿದ್ದರು?